ಆಸ್ಟರಾ, ಅಲ್ವಾ? ಎರಡು ಬೇಸಿಗೆ ಐನ್ಯಾಚುರಲಿಸ್ಟ್ ಬಳಸಿದ್ಮೇಲೆ ನನ್ನ ರಿವ್ಯೂ

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ. ಫೋಟೋ ಹಾಕಿದ್ರೆ ಗಿಡದ ಹೆಸರು ಹುಡುಕಿಕೊಡೋ ಐನ್ಯಾಚುರಲಿಸ್ಟ್ ಆಪ್‌ಗೆ 5ಕ್ಕೆ 5, ಹದಿನೆಂಟು ಡಾಲರ್ ಕೊಟ್ಟು ತಗೊಂಡ ಪುಟ್ಟ ಭೂತಗನ್ನಡಿಗೆ 5ಕ್ಕೆ 4, ಹೋದ ವರ್ಷ ನಾನು ತೆಗೆದ ಫೋಟೋಗಳಿಗೆ 5ಕ್ಕೆ 1. ಆ ಒಂದೂ ಹಿಂದ್ಗಡೆ ಬೆಟ್ಟ ಚೆನ್ನಾಗಿ ಬಂದಿದೆ ಅಂತ ಕೊಟ್ಟಿದ್ದು.

ನಾವಿರೋದು ಸಿಯಾಟಲ್ ಪಕ್ಕ. ಮೋಡ ಇಲ್ಲದ ದಿನ ದಕ್ಷಿಣಕ್ಕೆ ತಿರುಗಿದ್ರೆ ಮೌಂಟ್ ರೇನಿಯರ್ ಕಾಣುತ್ತೆ, 14,410 ಅಡಿ, ಬೇಸಿಗೇಲೂ ತಲೆ ತುಂಬಾ ಹಿಮ. ಅದರ ಮಡಿಲಲ್ಲಿ ಪ್ಯಾರಡೈಸ್ ಅಂತ ಒಂದು ಜಾಗ ಇದೆ 5,400 ಅಡಿ ಎತ್ತರದಲ್ಲಿ, ಇನ್ನೊಂದು ಕಡೆ ಸನ್‌ರೈಸ್ ಅಂತ 6,400 ಅಡಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿ ಎಷ್ಟು ಎತ್ತರಾನೋ ಹೆಚ್ಚುಕಮ್ಮಿ ಅಷ್ಟು ಎತ್ತರದಲ್ಲಿ ಕಾರ್ ಪಾರ್ಕಿಂಗ್ ಮಾಡಿದ್ದಾರೆ ಪುಣ್ಯಾತ್ಮರು. ಪ್ಯಾರಡೈಸಲ್ಲಿ ವರ್ಷಕ್ಕೆ ಸರಾಸರಿ ಐವತ್ತು ಅಡಿ ಮೇಲೆ ಹಿಮ ಬೀಳುತ್ತೆ, 1971-72ರ ಚಳಿಗಾಲದಲ್ಲಿ 1,122 ಇಂಚು ಬಿದ್ದಿತ್ತು, ತೊಂಬತ್ಮೂರು ಅಡಿ ಆಯ್ತು. ಅದೆಲ್ಲ ಕರಗೋಷ್ಟರಲ್ಲಿ ಜುಲೈ. ಮತ್ತೆ ಹಿಮ ಶುರು ಆಗೋದ್ರೊಳಗೆ ಚಿಗುರೋದು, ಹೂ ಬಿಡೋದು, ಬೀಜ ಕಟ್ಟೋದು ಎಲ್ಲ ಮುಗಿಸ್ಕೋಬೇಕು ಅಲ್ಲಿನ ಗಿಡಗಳು, ಹಾಗಾಗಿ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಆ ಹುಲ್ಲುಗಾವಲು ಹೂವಿನಿಂದ ತುಂಬಿ ತುಳುಕ್ತಿರುತ್ತೆ, ಕಾಲಿಡೋಕೂ ಜಾಗ ಇರಲ್ಲ (ಇಡೋ ಹಾಗೂ ಇಲ್ಲ, ಅದು ಆಮೇಲೆ).

ಹೋದ ವರ್ಷ ಆಗಸ್ಟಲ್ಲಿ ಹೋಗಿದ್ದೆ. ಎಲ್ಲಿ ನೋಡಿದ್ರೂ ನೇರಳೆ ಹೂ, ನಡುವೆ ಹಳದಿ ಗುಂಡು, ಸುತ್ತ ನೇರಳೆ ಎಸಳು, ನೋಡಿದ ತಕ್ಷಣ ಓ ಆಸ್ಟರ್ ಅಂದೆ. ಅನ್ನದೇ ಇರ್ತೀನಾ, ನಾನು ಹುಟ್ಟಿ ಬೆಳೆದಿದ್ದು ಚಿಕ್ಕಬಳ್ಳಾಪುರ ಕಡೆ, ನಮ್ಮಪ್ಪ ಇಪ್ಪತ್ತು ವರ್ಷ ಆಸ್ಟರ್ ಬೆಳೆದಿದ್ದಾರೆ, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ಬಿಟ್ಟ ಕಾಮಿನಿ, ಪೂರ್ಣಿಮಾ ತಳಿ ಎಲ್ಲ. ದಸರಾ ಟೈಮಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಹೂ ಚೀಲಗಳ ಮೇಲೆ ಮಲಗಿ ಕೆ.ಆರ್. ಮಾರ್ಕೆಟ್‌ಗೆ ಹೋಗಿರೋಳು ನಾನು. ಆಸ್ಟರ್ ನನಗೆ ಗೊತ್ತಿಲ್ವಾ ಅನ್ನೋ ಧಿಮಾಕು.

ಮನೆಗೆ ಬಂದು ಇದು ಯಾವ ಆಸ್ಟರ್ ಅಂತ ನೋಡೋಣ ಅಂತ ಮೊದ್ಲು ಒಂದು ದುಡ್ಡಿನ ಆಪ್ ಹಾಕ್ಕೊಂಡೆ, ಹೆಸರು ಬೇಡ ಬಿಡಿ, ಏಳು ದಿನ ಫ್ರೀ ಅಂತ ಶುರು ಮಾಡಿ ಎಂಟನೇ ದಿನ ಕಾರ್ಡಿಂದ ವರ್ಷದ ದುಡ್ಡು ಎಳ್ಕೊಳ್ಳೋ ಜಾತಿ. ಅದು ಎರಡೇ ಸೆಕೆಂಡಲ್ಲಿ ಒಂದು ಹೆಸರು ಕೊಡ್ತು, ಯುರೋಪಿನ ಗಾರ್ಡನ್ ಗಿಡದ್ದು, ಜೊತೆಗೆ ವಾರಕ್ಕೆಷ್ಟು ನೀರು ಹಾಕ್ಬೇಕು, ಯಾವ ಗೊಬ್ಬರ ಅಂತ ಉಪದೇಶ. ನ್ಯಾಷನಲ್ ಪಾರ್ಕ್ ಒಳಗೆ ತಾನಾಗೇ ಬೆಳೆದಿರೋ ಹೂವಿಗೆ ನಾನು ಯಾಕಪ್ಪ ಗೊಬ್ಬರ ಹಾಕ್ಲಿ. ಆ ಹೂವಿಗೇ ಇನ್ನೊಂದು ಆ್ಯಂಗಲ್‌ನ ಫೋಟೋ ಕೊಟ್ರೆ ಇನ್ನೊಂದು ಹೆಸರು, ಅಷ್ಟೇ ಗಟ್ಟಿಯಾಗಿ. ಕ್ಯಾನ್ಸಲ್ ಮಾಡೋಕೆ ಮೂರು ಮೇಲ್ ಬರೀಬೇಕಾಯ್ತು.

ಆಮೇಲೆ ಐನ್ಯಾಚುರಲಿಸ್ಟ್. ಗೊತ್ತಿಲ್ಲದೇ ಇರೋರಿಗೆ ಹೇಳೋದಾದ್ರೆ, ಇದು 2008ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯ ಮೂರು ಜನ ಸ್ಟೂಡೆಂಟ್ಸ್ ಮಾಸ್ಟರ್ಸ್ ಪ್ರಾಜೆಕ್ಟ್ ಅಂತ ಮಾಡಿದ್ದು, ಮಧ್ಯೆ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಮತ್ತೆ ನ್ಯಾಷನಲ್ ಜಿಯಾಗ್ರಫಿಕ್‌ನವರು ನಡೆಸ್ತಿದ್ರು, 2023ರಿಂದ ಸ್ವಂತ ಕಾಲ ಮೇಲೆ ನಿಂತಿರೋ ಲಾಭ ಇಲ್ಲದ ಸಂಸ್ಥೆ. ದುಡ್ಡಿಲ್ಲ, ಜಾಹೀರಾತಿಲ್ಲ. ನೀವು ಫೋಟೋ, ಜಾಗ, ತಾರೀಖು ಹಾಕಿದ್ರೆ ಮೊದ್ಲು ಕಂಪ್ಯೂಟರ್ ಒಂದಷ್ಟು ಹೆಸರು ಸೂಚಿಸುತ್ತೆ, ಆಮೇಲೆ ಗಿಡ ಗೊತ್ತಿರೋ ಮನುಷ್ಯರು ಬಂದು ನೋಡಿ ಒಪ್ತಾರೆ ಇಲ್ಲ ತಿದ್ದುತಾರೆ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರಿಗೆ ಬಂದ್ರೆ ರಿಸರ್ಚ್ ಗ್ರೇಡ್ ಅಂತ ಠಸ್ಸೆ ಬೀಳುತ್ತೆ, ಆಮೇಲೆ ಆ ಡೇಟಾ ವಿಜ್ಞಾನಿಗಳ ಕೈಗೂ ಸಿಗುತ್ತೆ. ನನಗೆ ಇಷ್ಟ ಆಗಿದ್ದು ಆ ಮನುಷ್ಯರ ಭಾಗ. ಯಾರೋ ಎಲ್ಲೋ ಕೂತ್ಕೊಂಡು ನಯಾಪೈಸೆ ತಗೊಳ್ದೆ ನನ್ನ ಹೂ ನೋಡ್ತಾರಲ್ಲ.

ನಾನು ಒಂಬತ್ತು ಫೋಟೋ ಹಾಕ್ದೆ. ಒಂಬತ್ತೂ ಮೇಲಿಂದ ತೆಗೆದಿದ್ದು, ಹೂವಿನ ಮುಖ ಮಾತ್ರ, ಎಸಳೆಲ್ಲ ಗರಿಗರಿಯಾಗಿ ಕಾಣೋ ಹಾಗೆ, ಹಿಂದೆ ಬ್ಲರ್ ಮಾಡಿದ ಬೆಟ್ಟ, ಇನ್‌ಸ್ಟಾಗ್ರಾಮ್‌ಗಾದ್ರೆ ಸಖತ್. ಒಬ್ರು ಬಂದು ಬರೆದ್ರು, ಹೂವಿನ ಕೆಳಭಾಗದ ಹಸಿರು ಎಸಳು ಕಾಣ್ದೇ ಇದ್ರೆ ಇದು ಆಸ್ಟರ್ರೋ ಎರಿಜೆರಾನೋ (ಆಸ್ಟರ್ ಥರಾನೇ ಕಾಣೋ ಇನ್ನೊಂದು ಕುಲ) ಹೇಳೋಕಾಗಲ್ಲ, ಎಲೆ ಫೋಟೋ ಇದ್ಯಾ ಅಂತ. ಎಲೆ ಎಲ್ಲಿಂದ ತರ್ಲಿ. ಒಂಬತ್ತೂ ಬರೀ ಕುಟುಂಬದ ಹೆಸರಲ್ಲೇ ನಿಂತ್ಬಿಟ್ವು. ಆಗ ಸ್ವಲ್ಪ ಉರಿ ಬಂತು ನಿಜ, ಆದ್ರೆ ತಪ್ಪು ನಂದೇ.

ಇಲ್ಲಿ ಸ್ವಲ್ಪ ಗಿಡದ ವಿಷ್ಯ ಹೇಳ್ಬೇಕು, ಇಲ್ದಿದ್ರೆ ಯಾಕೆ ಇಷ್ಟು ಒದ್ದಾಟ ಅಂತ ಅರ್ಥ ಆಗಲ್ಲ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂ, ಹುಚ್ಚೆಳ್ಳು, ಕೊನೆಗೆ ಆ ಹಾಳು ಕಾಂಗ್ರೆಸ್ ಗಿಡ, ಎಲ್ಲ ಒಂದೇ ಮನೆತನ, ಅಂದ್ರೆ ಒಂದೇ ಕುಟುಂಬ, ಆಸ್ಟರೇಸಿಯೇ ಅಂತ, ಇಪ್ಪತ್ತು ಸಾವಿರಕ್ಕೂ ಮೀರಿ ಜಾತಿಗಳಿವೆ. ನಾವು ಒಂದು ಹೂ ಅಂದ್ಕೊಳ್ಳೋದು ನಿಜವಾಗಿ ಒಂದು ಬುಟ್ಟಿ ಹೂ, ನಡುವಿನ ಹಳದಿ ಒಂದೊಂದು ಚುಕ್ಕಿನೂ ಒಂದು ಹೂ, ಸುತ್ತ ಇರೋ ಒಂದೊಂದು ಎಸಳೂ ಒಂದು ಹೂ. ಬುಟ್ಟಿ ಎಲ್ಲರದ್ದೂ ಒಂದೇ ಥರ, ಹಾಗಾಗಿ ಮುಖ ನೋಡಿ ಮೋಸ ಹೋಗೋದು ಸುಲಭ. ಇದರ ಮೇಲೆ ಹೆಸರಿನ ಗಲಾಟೆ ಬೇರೆ. ಮೊದ್ಲು ಅಮೆರಿಕದ ಆಸ್ಟರ್‌ಗಳು ಹೆಚ್ಚುಕಮ್ಮಿ ಎಲ್ಲ ಆಸ್ಟರ್ ಅನ್ನೋ ಒಂದೇ ಕುಲದಲ್ಲಿದ್ವು, 1994ರಲ್ಲಿ ಗೈ ನೆಸಮ್ ಅನ್ನೋ ಸಸ್ಯಶಾಸ್ತ್ರಜ್ಞ ಅದನ್ನ ಹಿಸ್ಸೆ ಮಾಡಿ ಹಂಚಿಬಿಟ್ರು, ಸಿಂಫಿಯೋಟ್ರೈಕಮ್, ಯೂರಿಬಿಯಾ, ಯೂಸೆಫಾಲಸ್, ಓರಿಯೋಸ್ಟೆಮ್ಮಾ ಅಂತ ನಾಲಿಗೆ ಹೊರಳದ ಹೆಸರುಗಳು. ಜನರ ಬಾಯಲ್ಲಿ ಮಾತ್ರ ಈಗ್ಲೂ ಎಲ್ಲ ಆಸ್ಟರ್ರೇ. ನಮ್ಮ ಮಾರ್ಕೆಟ್ ಆಸ್ಟರ್ ಇದೆಯಲ್ಲ, ಚೈನಾ ಆಸ್ಟರ್, ಅದೂ ಪುಸ್ತಕದ ಪ್ರಕಾರ ಆಸ್ಟರ್ ಕುಲದ್ದಲ್ಲ, ಕ್ಯಾಲಿಸ್ಟೆಫಸ್. ಅಪ್ಪನಿಗೆ ಇದು ಹೇಳಿದಾಗ, ಇಪ್ಪತ್ತು ವರ್ಷ ಏನು ಬೆಳೆದೆ ಹಾಗಾದ್ರೆ ನಾನು ಅಂತ ನಕ್ಕರು.

ಈ ವರ್ಷ ಅಪ್ಪ ಅಮ್ಮ ಬಂದಿದ್ರು, ಆಗಸ್ಟ್ ಮೊದಲ ವಾರ ಪ್ಯಾರಡೈಸ್‌ಗೆ ಕರ್ಕೊಂಡು ಹೋದೆ. ಬೆಳಿಗ್ಗೆ ಐದಕ್ಕೇ ಬಿಟ್ವಿ, ವೀಕೆಂಡಲ್ಲಿ ಲೇಟಾದ್ರೆ ಪಾರ್ಕಿಂಗ್ ಮರೆತುಬಿಡಿ. ಅಮ್ಮ ಹಿಮ ನೋಡಿ ಶಾಲು ಹೊದ್ದು ಬೆಂಚ್ ಮೇಲೆ ಕೂತ್ಬಿಟ್ರು, ಚಪಾತಿ ಚಟ್ನಿಪುಡಿ ಡಬ್ಬಿ ಜೊತೆ. ಅಪ್ಪ ನಾನು ಸ್ಕೈಲೈನ್ ಟ್ರೇಲ್ ಶುರುವಿನ ಒಂದು ಮೈಲಿ ಅಷ್ಟೇ ನಡೆದಿದ್ದು, ಅದಕ್ಕೇ ಎರಡೂವರೆ ಗಂಟೆ.

ನಾನು ಎಂದಿನ ಹಾಗೆ ಫೋನ್ ಹಿಡ್ಕೊಂಡು ಮೇಲಿಂದ ಕ್ಲಿಕ್ ಕ್ಲಿಕ್ ಅಂತಿದ್ದೆ. ಅಪ್ಪ ದಾರಿ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹೂವಿನ ತೊಟ್ಟನ್ನ ಎರಡು ಬೆರಳಲ್ಲಿ ಮೆಲ್ಲಗೆ ವಾಲಿಸಿ ಕೆಳಗಿಂದ ಇಣುಕಿ ನೋಡ್ತಿದ್ರು. ನಾನು ಗಾಬರಿಯಾಗಿ, ಅಪ್ಪ ಕೀಳ್ಬೇಡ, ಇಲ್ಲಿ ಹೂ ಕಿತ್ರೆ ಫೈನ್ ಅಂದೆ. ಕೀಳ್ತಿಲ್ಲ ಕಣಮ್ಮ, ಹೂ ನೋಡೋದೇ ಹೀಗಲ್ವಾ, ಮುಖ ಎಲ್ಲ ಹೂವಿಂದೂ ಚೆನ್ನಾಗೇ ಇರುತ್ತೆ, ಅಂದ್ರು. ನನಗೆ ತಟ್ ಅಂತ ಮಾರ್ಕೆಟ್ ನೆನಪಾಯ್ತು. ಅಲ್ಲಿ ಮಂಡಿಯವರು ಚೀಲದೊಳಗೆ ಮೊಣಕೈವರೆಗೂ ಕೈ ಬಿಟ್ಟು ತಳದಿಂದ ಒಂದು ಹಿಡಿ ಎತ್ತಿ, ಅಂಗೈಮೇಲೆ ಬೋರಲು ಹಾಕಿ ಬುಡ ನೋಡೋರು, ಬುಡ ಕಂದು ಬಣ್ಣಕ್ಕೆ ತಿರುಗಿದ್ರೆ ನಿನ್ನೆ ಕೊಯ್ದ ಹೂ ಅಂತ ರೇಟ್ ಇಳಿಸೋರು. ಚಿಕ್ಕೋಳಿದ್ದಾಗ ದಿನಾ ನೋಡ್ತಿದ್ದೆ ಇದನ್ನ. ಒಂಬತ್ತು ಫೋಟೋ ತೆಗೆಯುವಾಗ ಒಂದ್ಸಲನೂ ತಲೆಗೆ ಬರ್ಲಿಲ್ಲ.

ನಾನೂ ಪಕ್ಕದಲ್ಲಿ ಕೂತೆ. ಹೂವಿನ ಬುಡದಲ್ಲಿ ಎಸಳುಗಳನ್ನ ಹಿಡ್ಕೊಂಡಿರೋ ಹಸಿರು ಬಟ್ಟಲು ಇರುತ್ತಲ್ಲ, ಅದು ಸಣ್ಣ ಸಣ್ಣ ಹಸಿರು ಎಸಳಿಂದ ಆಗಿರುತ್ತೆ, ಬಾಟನಿಯವರು ಫಿಲ್ಲರಿ ಅಂತಾರೆ. ಅಪ್ಪ ಮೊದ್ಲು ನೋಡಿದ ಹೂವಲ್ಲಿ ಅವು ಮಂಗಳೂರು ಹಂಚು ಹೊದಿಸಿದ ಹಾಗೆ ಸಾಲು ಸಾಲಾಗಿ ಒಂದರ ಮೇಲೊಂದು, ಕೆಳಗಿನ ಸಾಲು ಗಿಡ್ಡ, ಮೇಲಕ್ಕೆ ಹೋಗ್ತಾ ಉದ್ದ. ನಾಲ್ಕು ಹೆಜ್ಜೆ ಆಚೆ ಇನ್ನೊಂದು ನೇರಳೆ ಹೂ, ಮುಖ ನೋಡಿದ್ರೆ ಅಕ್ಕ ತಂಗಿ, ಅದರ ಬುಡದಲ್ಲಿ ಎಲ್ಲ ಒಂದೇ ಉದ್ದ, ಒಂದೇ ಸಾಲಲ್ಲಿ ಬೇಲಿ ಗೂಟ ನೆಟ್ಟ ಹಾಗೆ, ಮುಟ್ಟಿದ್ರೆ ಸ್ವಲ್ಪ ಅಂಟು. ಹಂಚಿಂದು ಆಸ್ಟರ್ ಕಡೇದು, ಬೇಲಿದು ಎರಿಜೆರಾನ್, ಇಲ್ಲಿನವರು ಸಬಾಲ್ಪೈನ್ ಡೇಸಿ ಅಂತಾರೆ. ಸಾಮಾನ್ಯವಾಗಿ ಎರಿಜೆರಾನ್ ಎಸಳು ದಾರದ ಹಾಗೆ ತೆಳ್ಳಗೆ, ಲೆಕ್ಕಕ್ಕೆ ಸಿಗದಷ್ಟು ಇರುತ್ತೆ, ಹಾಗಾಗಿ ಎಸಳು ನೋಡೇ ಹೇಳ್ಬಹುದು ಅಂತ ಎಲ್ಲ ಕಡೆ ಬರ್ದಿರ್ತಾರೆ, ಆದ್ರೆ ಈ ಬೆಟ್ಟದ ಎರಿಜೆರಾನ್ ಎಸಳು ಆಸ್ಟರ್ ಥರಾನೇ ಅಗಲ, ಬೇಕಂತಲೇ ಮೋಸ ಮಾಡೋಕೆ ಹುಟ್ಟಿರೋ ಹಾಗೆ. ನನ್ನ ಹೋದ ವರ್ಷದ ಒಂಬತ್ತರಲ್ಲಿ ಅರ್ಧ ಇದೇ ಇರ್ಬೇಕು ಅಂತ ಈಗ ಅನ್ಸುತ್ತೆ.

ಭೂತಗನ್ನಡಿ ವಿಷ್ಯ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋದು, ಚಿನ್ನದ ಅಂಗಡಿಯವರು ಹರಳು ನೋಡೋಕೆ ಇಟ್ಕೊಳ್ತಾರಲ್ಲ ಆ ಥರ ಮಡಚೋದು. ಮೊದಲರ್ಧ ಗಂಟೆ ಏನೂ ಕಾಣ್ಲಿಲ್ಲ ನನಗೆ, ಡಬ್ಬಾ ಪೀಸ್ ಅಂದ್ಕೊಂಡೆ, ಯಾಕಂದ್ರೆ ಷರ್ಲಾಕ್ ಹೋಮ್ಸ್ ಥರ ಕೈ ಚಾಚಿ ಹಿಡಿದಿದ್ದೆ. ಹಾಗಲ್ಲ, ಗಾಜನ್ನ ಕಣ್ಣಿಗೆ ಒತ್ತಿ ಹಿಡ್ಕೊಂಡು ಮುಖವನ್ನೇ ಹೂವಿನ ಹತ್ರ ತಗೊಂಡು ಹೋಗ್ಬೇಕು, ಒಂದು ಇಂಚು ದೂರದಲ್ಲಿ ಫೋಕಸ್ ಆಗುತ್ತೆ. ಆಗ ಕಾಣುತ್ತೆ ನೋಡಿ, ಹಂಚಿನ ಅಂಚಲ್ಲಿರೋ ನೇರಳೆ ಗೆರೆ, ಕೂದಲು, ಹಳದಿ ಚುಕ್ಕಿ ಒಂದೊಂದಕ್ಕೂ ಐದೈದು ಮೂಲೆ. ಅದನ್ನೇ ಫೋನ್ ಕ್ಯಾಮೆರಾ ಮುಂದೆ ಹಿಡಿದ್ರೆ ಮ್ಯಾಕ್ರೋ ಫೋಟೋನೂ ಬರುತ್ತೆ. ಒಂದು ಮಾರ್ಕ್ ಕಟ್ ಮಾಡಿದ್ದು ದಾರ ಹಾಕೋಕೆ ತೂತಿಲ್ಲ ಅಂತ, ಅಪ್ಪ ಎರಡು ಸಲ ಬೀಳಿಸಿದ್ರು, ಆಮೇಲೆ ಅಮ್ಮನ ಹೇರ್‌ಬ್ಯಾಂಡ್ ಸುತ್ತಿ ಕೈಗೆ ಹಾಕ್ಕೊಂಡ್ರು.

ಒಂದು ಮಾತು, ಇದೆಲ್ಲ ದಾರಿ ಮೇಲೆ ಕೂತ್ಕೊಂಡೇ ಮಾಡ್ಬೇಕು. ಫೋಟೋಗೆ ಅಂತ ಹೂವಿನ ನಡುವೆ ಇಳಿಯೋರು ಇದ್ದಾರೆ, ನಮ್ಮವರೂ ಇದ್ದಾರೆ, ಮನೆಮಂದಿಯೆಲ್ಲ ಹೂ ಮೇಲೆ ಮಲಗಿ ಸೆಲ್ಫಿ. ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಬೆಳೆಯೋ ಗಿಡ ಒಂದ್ಸಲ ತುಳಿದ್ರೆ ಚೇತರಿಸ್ಕೊಳ್ಳೋಕೆ ವರ್ಷಗಟ್ಟಲೆ ಬೇಕು, ಪಾರ್ಕಿನವರು ಅಲ್ಲಲ್ಲಿ ಬೋರ್ಡೂ ಹಾಕಿದ್ದಾರೆ. ದಾರಿ ಅಂಚಲ್ಲೇ ಬೇಕಾದಷ್ಟು ಹೂ ಇದೆ ಮಾರಾಯ್ರೆ.

ಸರಿ, ಈ ಸಲ ಒಂದೊಂದು ಗಿಡಕ್ಕೆ ನಾಲ್ಕು ಫೋಟೋ ತೆಗೆದೆ. ಮುಖ, ಬುಡದ ಹಸಿರು ಬಟ್ಟಲು ಪಕ್ಕದಿಂದ, ಕಾಂಡದ ನಡುವಿನ ಎಲೆ ಎರಡೂ ಕಡೆ, ನೆಲದ ಹತ್ರದ ಎಲೆ. ಅಲ್ಲಿ ಸಿಗ್ನಲ್ ಇರಲ್ಲ, ಪರವಾಗಿಲ್ಲ, ಮನೆಗೆ ಬಂದು ಅಪ್‌ಲೋಡ್ ಮಾಡಿದ್ರೂ ಫೋಟೋದಲ್ಲಿರೋ ಜಾಗ ತಾರೀಖು ಅದೇ ಎತ್ಕೊಳ್ಳುತ್ತೆ. ಇವರದ್ದೇ ಸೀಕ್ ಅಂತ ಇನ್ನೊಂದು ಆಪ್ ಇದೆ, 2018ರಲ್ಲಿ ಬಂದಿದ್ದು, ಅದು ನೆಟ್ ಇಲ್ದೆನೂ ಸ್ಥಳದಲ್ಲೇ ಹೇಳುತ್ತೆ, ಅಕೌಂಟೂ ಬೇಡ, ಮಕ್ಕಳ ಕೈಗೆ ಕೊಡ್ಬಹುದು. ಕ್ಯಾಮೆರಾ ಹಿಡಿದ್ರೆ ಮೇಲೆ ಚುಕ್ಕಿಗಳು ಒಂದೊಂದಾಗಿ ತುಂಬ್ತಾ ಬರುತ್ತೆ, ಗಿಡ, ಹೂ ಬಿಡೋ ಗಿಡ, ಕುಟುಂಬ, ಕುಲ ಅಂತ, ಗೊತ್ತಾಗೋವರೆಗೆ ತುಂಬಿ ಗೊತ್ತಾಗದೇ ಇರೋ ಕಡೆ ನಿಂತ್ಕೊಳ್ಳುತ್ತೆ. ದುಡ್ಡಿನ ಆಪ್‌ಗೆ ಇಲ್ಲದ ಮರ್ಯಾದೆ ಇದು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನೋ ಆಪ್ ನನಗಂತೂ ಇಷ್ಟ.

ಎರಡು ದಿನದಲ್ಲಿ ಉತ್ತರ ಬಂತು, ಅದೂ ಹೋದ ವರ್ಷ ಎಲೆ ಕೇಳಿದ್ದ ಅದೇ ವ್ಯಕ್ತಿಯಿಂದ. ಅಪ್ಪ ಮೊದ್ಲು ವಾಲಿಸಿ ನೋಡಿದ್ದು ಕ್ಯಾಸ್ಕೇಡ್ ಆಸ್ಟರ್, ಯೂಸೆಫಾಲಸ್ ಲೆಡೋಫಿಲಸ್, ವಾಷಿಂಗ್ಟನ್ನಿಂದ ಕ್ಯಾಲಿಫೋರ್ನಿಯಾ ಉತ್ತರದವರೆಗೆ ಈ ಬೆಟ್ಟಸಾಲಲ್ಲೇ ಇರೋ ಅಪ್ಪಟ ಇಲ್ಲಿನ ಹೂ. ಅದಕ್ಕೆ ಬುಡದಲ್ಲಿ ಎಲೆ ಗುಚ್ಛ ಇರಲ್ಲ, ಕಾಂಡದ ಕೆಳಗಿನ ಎಲೆಗಳು ಒಣ ಪೊರೆ ಥರ ಚಿಕ್ಕವು, ಮೇಲೆ ಹೋಗ್ತಾ ತುದಿವರೆಗೂ ಎಲೆ, ಎಲೆ ಮಗುಚಿದ್ರೆ ಹಿಂದ್ಗಡೆ ಬೂದು ಬಣ್ಣ, ಹತ್ತಿ ಹಚ್ಚಿದ ಹಾಗೆ. ಎಲೆನೂ ಮಗುಚಿ ನೋಡು ಅಂದಿದ್ದು ಅಪ್ಪನೇ, ಹುಳ ಮೊಟ್ಟೆ ಇಡೋದು ಅಲ್ಲೇ ಅಂತ ಅವರ ಅಭ್ಯಾಸ. ಬೇಲಿ ಗೂಟದ್ದು ಎರಿಜೆರಾನ್ ಗ್ಲೇಸಿಯಾಲಿಸ್, ಅದಕ್ಕೆ ಉಲ್ಟಾ, ಬುಡದಲ್ಲಿ ಚಮಚದ ಆಕಾರದ ದೊಡ್ಡ ಎಲೆ, ಮೇಲೆ ಹೋಗ್ತಾ ಚಿಕ್ಕದು.

ಮೂರನೇದು ನನ್ನ ಫೇವರಿಟ್, ಗೇಣುದ್ದಾನೂ ಇಲ್ಲ, ನೆಲಕ್ಕೆ ಅಂಟ್ಕೊಂಡಿರೋ ಹುಲ್ಲಿನಂಥ ಎಲೆ, ಒಂದು ಕಡ್ಡಿಗೆ ಒಂದೇ ಹೂ. ಓರಿಯೋಸ್ಟೆಮ್ಮಾ ಆಲ್ಪಿಜೀನಮ್. ಓರಿಯೋಸ್ಟೆಮ್ಮಾ ಅಂದ್ರೆ ಗ್ರೀಕಲ್ಲಿ ಬೆಟ್ಟದ ಕಿರೀಟ ಅಂತೆ, ಆಸ್ಟರ್ ಅಂದ್ರೆ ನಕ್ಷತ್ರ. ಕುಲ ಒಡೆದು ಹೆಸರು ಕಷ್ಟ ಮಾಡಿದ್ರು ಅಂತ ಬೈದಿದ್ದೆ, ಇದೊಂದಕ್ಕೆ ಮಾಫ್.

ಯಾರಿಗೆ ಈ ಆಪ್ ಬೇಡ ಅಂದ್ರೆ, ತಕ್ಷಣ ಹೆಸರು ಬೇಕು ಅನ್ನೋರಿಗೆ, ಉತ್ತರ ಕೊಡೋದು ಸಂಬಳ ಇಲ್ಲದ ಜನ, ಇವತ್ತೇ ಬರುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಇನ್ನೊಂದು, ಕಂಪ್ಯೂಟರ್ ಸೂಚಿಸಿದ ಮೊದಲ ಹೆಸರನ್ನ ಕಣ್ಮುಚ್ಚಿ ಒತ್ಬೇಡಿ, ಆಸ್ಟರ್ ವಿಷ್ಯದಲ್ಲಂತೂ ಬೇಡ, ಕುಟುಂಬದವರೆಗೆ ಮಾತ್ರ ಗೊತ್ತಿದ್ರೆ ಅಷ್ಟೇ ಹಾಕಿ. ಊರಲ್ಲಿರೋರೂ ಬಳಸ್ಬಹುದು, ಕುದುರೆಮುಖ, ಚಾರ್ಮಾಡಿ ಕಡೆ ಹೋದಾಗ ನೋಡಿ, ಮಳೆಗಾಲ ಮುಗೀತಿದ್ದ ಹಾಗೆ ಅಲ್ಲೂ ಈ ಮನೆತನದ ಹೂ ಕಮ್ಮಿ ಏನಿಲ್ಲ.

ಅಪ್ಪ ಊರಿಗೆ ವಾಪಸ್ ಹೋದ್ಮೇಲೆ ಅವರ ಫೋನಲ್ಲೂ ಆಪ್ ಹಾಕಿಸ್ಕೊಂಡಿದ್ದಾರೆ, ನನ್ನ ತಮ್ಮನ ಕೈಲಿ. ವಾಟ್ಸಾಪಲ್ಲಿ ದಿನಾ ಬೆಳಿಗ್ಗೆ ಫೋಟೋ ಬರುತ್ತೆ, ಗುಡ್ ಮಾರ್ನಿಂಗ್ ಇಲ್ಲ ಏನಿಲ್ಲ, ಬರೀ ಹೂವಿನ ಬುಡ. ಹುಚ್ಚೆಳ್ಳಿನ ಬುಡ, ಚೆಂಡು ಹೂವಿನ ಬುಡ, ಬದೂನಲ್ಲಿರೋ ಯಾವ್ಯಾವುದೋ ಕಳೆ ಗಿಡದ ಬುಡ. ಮೊನ್ನೆ ತೋಟದ ಆಸ್ಟರ್‌ದು ಬಂತು, ನೇರಳೆದು, ಬುಡದ ಹೊರಸಾಲು ಹಂಚೂ ಅಲ್ಲ ಬೇಲಿನೂ ಅಲ್ಲ, ದೊಡ್ಡ ದೊಡ್ಡ ಎಲೆಗಳೇ ಹೊರಗೆ ಚಾಚ್ಕೊಂಡಿವೆ, ಇಷ್ಟು ವರ್ಷ ನಾನು ನೋಡೇ ಇರ್ಲಿಲ್ಲ. ಆಪ್‌ಗೆ ಹಾಕಿದ್ದಾರೆ, ಹೆಸರೂ ಸರಿಯಾಗಿ ಬಂದಿದೆ, ಆದ್ರೆ ನೆಟ್ಟು ಬೆಳೆಸಿದ ಗಿಡ ಅಂತ ಗುರುತು ಮಾಡ್ಬೇಕು ಅಂತ ನಾನೇ ಹೇಳಿದ್ದೆ, ಹಾಗೆ ಮಾಡಿದ್ರೆ ರಿಸರ್ಚ್ ಗ್ರೇಡ್ ಸಿಗಲ್ಲ, ಕ್ಯಾಶುಯಲ್ ಅಂತ ಬರುತ್ತೆ. ಅದರ ಅರ್ಥ ಏನು ಅಂತ ಅಪ್ಪ ನನ್ನ ತಮ್ಮನ ಹತ್ರ ಕೇಳಿದ್ದಾರೆ, ಅವನು ಸುಮ್ನೆ ಟೈಂಪಾಸ್‌ಗೆ ಅಂತಪ್ಪ ಅಂದಿದ್ದಾನೆ.

ರಾತ್ರಿ ಹನ್ನೊಂದಕ್ಕೆ ನನಗೆ ಫೋನು. "ಬೆಟ್ಟದ ಮೇಲೆ ಯಾರೂ ನೀರು ಹಾಕದೇ ಬೆಳೆದಿದ್ದು ರಿಸರ್ಚು, ನಾನು ಮೂರು ತಿಂಗಳು ಬೆನ್ನು ಬಗ್ಗಿಸಿ ಬೆಳೆಸಿದ್ದು ಟೈಂಪಾಸಾ? ಯಾರಮ್ಮ ಅದು ಮೇಲಿರೋರು, ನಂಬರ್ ಕೊಡು."